ಎದುರು ಗೋಡೆಯ ಊಟ

ಅಮೆರಿಕದ ಈರಿ ಸರೋವರದ ಮೇಲಿಂದ ಬಂದ ಮಳೆ ಮಧ್ಯಾಹ್ನವೇ ಕತ್ತಲೆ ಕವಿಸಿತ್ತು. ಕರೆಂಟು ಹೋಗಿ ಕೆಲಸ ನಿಂತಿದ್ದರಿಂದ ಮ್ಯೂಸಿಯಂನ ಉಗ್ರಾಣದಲ್ಲಿ ಎಲ್ಲರೂ ಊಟದ ಡಬ್ಬಿ ಬಿಚ್ಚಿದ್ದರು. ಆರು ತಿಂಗಳ ಬಸುರಿ ನಡೀನ್ ಮೂರನೆಯ ಸ್ಯಾಂಡ್‌ವಿಚ್‌ಗೆ ಕೈ ಹಾಕಿದಳು. ಈ ವಾರವಿಡೀ ಅವಳಿಗೆ ತಿಂದಷ್ಟೂ ಹಸಿವು. ಸೋಮವಾರದಿಂದ ಅವಳ ಮೇಜಿನೆದುರಿಗೆ ಸ್ಪೇನಿನ ಹಳೆಯ ಚಿತ್ರವೊಂದನ್ನು ಒರಗಿಸಿಟ್ಟಿದ್ದರು: ಖಾಲಿ ಬಟ್ಟಲು ಹಿಡಿದ ತಾಯಿ, ಸುತ್ತ ಮೂರು ಮಕ್ಕಳು. ನಾಳೆ ಅದು ‘ತಾಯಿ ಮಕ್ಕಳು’ ಎಂಬ ಹೊಸ ಕೋಣೆಗೆ ಹೋಗಬೇಕಿತ್ತು.

"ಒಳಗಿರೋನಿಗೆ ಹಲ್ಲು ಬಂದಿರ್ಬೇಕು ಕಣೇ," ಎಂದು ಜೊತೆಗಾರ ರೂಬೆನ್ ರೇಗಿಸಿದ. ಎಲ್ಲರೂ ನಕ್ಕರು. ಹಳೆಯ ಗೆಳೆಯರನ್ನು ನೋಡಲು ಬಂದಿದ್ದ ಲೆಷೆಕ್ ನಗಲಿಲ್ಲ. ಆಯುಷ್ಯವೆಲ್ಲ ಇಲ್ಲಿ ಚಿತ್ರ ತೂಗುಹಾಕಿಯೇ ನಿವೃತ್ತನಾದ ಮುದುಕ ಅವನು.

"ನಗ್ರಪ್ಪಾ, ನಗ್ರಿ... ನಾವೂ ನಕ್ಕಿದ್ವಿ. ಆಗ ಹಾಲ್ವರ್ಸನ್ ಮೇಡಂ ಅಂತ ಇದ್ರು. ದೇಶಕ್ಕೊಂದು ಕೋಣೆ ಹಳೇ ಪದ್ಧತಿ, ವಿಷಯಕ್ಕೊಂದು ಕೋಣೆ ಮಾಡೋಣ ಅಂದ್ರು. ಊಟದ ಚಿತ್ರವೆಲ್ಲ ಒಂದು ಕಡೆ. ಈ ಗೋಡೆಗೆ ಹಾಲೆಂಡಿನೋರು ಬರೆದ ಊಟದ ಮೇಜು, ರೊಟ್ಟಿ, ಹಂದಿ ತೊಡೆ, ದ್ರಾಕ್ಷಿ... ಎದುರು ಗೋಡೆಗೆ ಈ ಖಾಲಿ ಬಟ್ಟಲಿನ ತಾಯಿ, ಇವಳು. ಅಷ್ಟು ಕಾಲ ಸ್ಪೇನಿನ ಕೋಣೇಲಿ ಸಂತರ ಚಿತ್ರಗಳ ಮಧ್ಯೆ ಉಪವಾಸ ಇದ್ದೋಳ ಕಣ್ಮುಂದೆ ಅಂಥಾ ಊಟ ಇಟ್ರೆ ಏನಾಗುತ್ತೆ, ನೀವೇ ಹೇಳಿ?

"ಮೊದಲು ರೊಟ್ಟಿ ಹೋಯ್ತು. ಯಾರೂ ಬಣ್ಣ ಕೆರೆದಿರಲಿಲ್ಲ... ಅಲ್ಲಿ ಬರೀ ಮೇಜಿನ ಬಟ್ಟೆ, ಮೊದಲಿಂದ್ಲೂ ಹಾಗೇ ಇತ್ತೇನೋ ಅನ್ನೋ ಹಾಗೆ. ಆಮೇಲೆ ದ್ರಾಕ್ಷಿ, ಆಮೇಲೆ ಮಾಂಸ. ಮೇಡಂ ಹೆದರಿ ಬರಿದಾದ ಚಿತ್ರ ತೆಗೆಸಿದ್ರು, ಇವಳನ್ನ ಅಲ್ಲೇ ಬಿಟ್ರು. ಎದುರಿಗೆ ಏನುಳೀತು? ಕಾವಲಿನ ಓಟಿಸ್ ಕೂರೋ ಬೆಂಚು. ಗುಂಡುಗುಂಡಾಗಿದ್ದ ಮನುಷ್ಯ... ಡಬ್ಬಿಗಟ್ಟಲೆ ತಿಂದ, ದಿನಾ ಹಸಿವು ಹಸಿವು ಅಂದ, ದಿನಾ ಒಣಗ್ತಾ ಹೋದ. ಡಾಕ್ಟರಿಗೆ ಏನೂ ಗೊತ್ತಾಗ್ಲಿಲ್ಲ. ಆ ಬೆಂಚಿನ ಮೇಲೇ ಸತ್ತ. ನಾನೇ ಎತ್ತಿದೆ, ಬರೀ ಕೋಟು ಎತ್ತಿದ ಹಾಗಿತ್ತು. ಚಿತ್ರದಲ್ಲಿ ಇವಳ ಮಕ್ಕಳು ಮಾತ್ರ ದುಂಡಗಾಗಿದ್ವು. ಅವತ್ತೇ ಇವಳ ಮುಖ ಗೋಡೆಗೆ ತಿರುಗಿಸಿಟ್ಟೆ. ನಾನು ಕೆಲಸ ಬಿಡೋ ಹೊತ್ತಿಗೆ ತಿರುಗಿಸಿ ನೋಡಿದ್ರೆ, ಮಕ್ಕಳು ಮತ್ತೆ ಕಡ್ಡಿ ಆಗಿದ್ವು."

ನಡೀನ್ ಸ್ಯಾಂಡ್‌ವಿಚ್ ಕೆಳಗಿಟ್ಟು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ನಿನ್ನೆಯಿಂದ ಮಗು ಒದೆಯುವುದು ಕಡಿಮೆಯಾಗಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಈಗ ಅವಳಿಗೆ ಭಯವಾಯಿತು.

"ಯಾರು ಇದನ್ನ ನಿನ್ನ ಕಡೆ ತಿರುಗಿಸಿಟ್ರೋ..." ಲೆಷೆಕ್ ದನಿ ತಗ್ಗಿಸಿದ. "ಮಗಳೇ, ನನಗೆ ಕಣ್ಣು ಮಂಜು. ನೀನೇ ಒಂದು ಸಲ ಎದ್ದು ನೋಡಿ ಹೇಳು... ಆ ಕಿರೀ ಮಗೂಂದು ಕೆನ್ನೆ ತುಂಬ್ಕೊಂಡಿದೆಯಾ?"