ಇಚಿ, ನೀ, ಸಾನ್

ಸ್ವಾತಂತ್ರ್ಯ ಬಂದ ಮರುವರ್ಷ ಹೊಸದುರ್ಗದಲ್ಲಿ ಶ್ರೀರಾಂಪುರದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಕುರಿ ಸಾಕುವವರ ಮನೆಯ ಇಬ್ಬರು ಹೆಂಗಸರು. ಹಿರಿಯವಳ ಪಿಸುಮಾತು ರಸ್ತೆಯಾಚೆಗೂ ಕೇಳುವಂತಿತ್ತು.

“ಚಿತ್ತಮ್ಮ, ನಿನ್ ಗಂಡ ರೊಪ್ಪದ ಬಾಗ್ಲಾಗೆ ಕುರಿ ಮುಟ್ಟಿ ಅದೇನೋ ಮಂತ್ರ ಹೇಳ್ತಾನಂತೆ?”

“ಮಂತ್ರ ಅಲ್ಲಕ್ಕ, ಎಣಿಕೆ. ಇಚಿ, ನೀ, ಸಾನ್. ಜಪಾನಿನೋರ ಮಾತು.”

“ಕುರೀನ ಬಾಯ್ಬಿಟ್ಟು ಎಣಿಸಿದ್ರೆ ದೃಷ್ಟಿ ಆಗಲ್ವೇನೇ?”

“ಇಲ್ಲಿ ಯಾರಿಗೂ ತಿಳೀದಿರೋ ಮಾತಿಗೆ ಯಾರ ದೃಷ್ಟಿ ತಾಕ್ತೈತೆ ಅಂತಾನೆ.”

“ಎಲ್ಲಿ ಕಲ್ತ?”

“ಯುದ್ಧದಾಗೆ, ಸಿಂಗಾಪುರದ ಸೆರೇಲಿ. ದಿನಾ ಸಾಲಾಗಿ ನಿಲ್ಸಿ, ಒಬ್ಬೊಬ್ರೂ ತಮ್ತಮ್ ಎಣಿಕೆ ಕೂಗ್ಬೇಕಿತ್ತಂತೆ.”

“ನಂಬಬ್ಯಾಡ. ಅವನ ಲೆಕ್ಕದಾಗೆ ಯಾವಾಗ್ಲೂ ಒಂದು ಕುರಿ ಜಾಸ್ತಿ ಬರ್ತೈತಂತೆ. ಯಾರ ಹಟ್ಟೀದು ಅದು?”

ಬಸ್ಸು ಬಂತು. ಚಿತ್ತಮ್ಮ ಗಂಟು ಎತ್ತಿಕೊಂಡಳು.

“ಅದು ಕುರಿ ಅಲ್ಲಕ್ಕ. ಕೊನೆಗೆ ತನ್ನೆದೆ ಮುಟ್ಕಂಡು ತನ್ನೂ ಎಣಿಸ್ಕಂತಾನೆ.”