ಕೈ ಯಾರ ಪಾಲಿಗೂ ಬಂದಿಲ್ಲ

ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ಕ್ಷೌರಿಕನ ಕಾಯಿಲೆಗಳನ್ನು ಊರಿಗೆಲ್ಲ ಹಂಚಿದರೂ ಇನ್ನೆರಡು ಮಿಗುತ್ತಿದ್ದವು. ಪಕ್ಕದಲ್ಲಿದ್ದ ಹೆಂಡತಿಯ ಪಿಸುಮಾತು ಮೂರನೇ ಮಹಡಿಯವರೆಗೂ ಮುಟ್ಟುವಂಥದ್ದು. ಹಿಂದಿನ ಬೆಂಚಿನಲ್ಲಿದ್ದ ನನಗೆ ಕಿವಿ ಚಾಚುವ ಕಷ್ಟವೂ ಇರಲಿಲ್ಲ.

“ಕೈ ನಡುಗೋದನ್ನ ಹೇಳಿದ್ರಾ?”

“ಯಾರಿಗೆ ಹೇಳ್ಲಿ? ಸಕ್ಕರೆ ಡಾಕ್ಟ್ರು ಸಕ್ಕರೆ ಕೇಳ್ತಾರೆ, ಎದೆ ಡಾಕ್ಟ್ರು ಉಸಿರು ಕೇಳ್ತಾರೆ. ಕೈ ಯಾರ ಪಾಲಿಗೂ ಬಂದಿಲ್ಲ.”

“ಇನ್ಹೇಲರ್ ಎಳೆದ ಮೇಲೆ ತಾನೇ ನಡುಗೋದು?”

“ಹೌದು. ಅದಕ್ಕೇ ಅಂಗಡಿ ತೆಗೆಯೋ ಮುಂಚೆ ಎಳೆಯೋದೇ ಬಿಟ್ಟಿದೀನಿ.”

“ಓಹೋ, ನಿನ್ನೆ ಗಿರಾಕಿ ಮುಂದೆ ಏದುಸಿರು ಬಿಟ್ಕೊಂಡು ಕೂತಿದ್ದು ಅದಕ್ಕಾ?”

“ಕೂತೆ. ಆದ್ರೆ ಅವನ ಗಲ್ಲ ಕೊಯ್ಯಲಿಲ್ಲ. ನಲವತ್ತು ವರ್ಷದಲ್ಲಿ ಯಾರಿಗೂ ಒಂದು ಗೀರು ಬಿದ್ದಿಲ್ಲ ಕಣೇ. ಆ ಕತ್ತಿ ಕೆಳಗಿಟ್ರೆ ನಾನು ಬರೀ ರೋಗಿ.”

“ಇದನ್ನೇ ಒಳಗೆ ಹೇಳ್ರೀ.”

“ಅವರು ತಲೆ ಎತ್ತಿದ್ರೆ ತಾನೇ? ಕಾಗದ ನೋಡ್ತಾರೆ, ಎಲ್ಲ ಚೆನ್ನಾಗಿದೆ ಅಂತಾರೆ, ಮುಂದಿನವರನ್ನ ಕರೀತಾರೆ.”

ನರ್ಸ್ ಅವನನ್ನು ಕೂಗಿದಳು. ಅವನು ಫೈಲಿಗೆ ಕೈ ಚಾಚಿದ. ಹೆಂಡತಿ ಅದನ್ನು ಎಳೆದುಕೊಂಡು ಅದರ ಮೇಲೇ ಕೂತುಬಿಟ್ಟಳು.

“ಬರಿಗೈಲಿ ಹೋಗಿ. ನೋಡೋಕೆ ಕಾಗದ ಇಲ್ದಿದ್ರೆ ನಿಮ್ಮ ಮುಖಾನಾದ್ರೂ ನೋಡ್ತಾರೆ.”

ಅವನು ಅಂಗಿಯ ತೋಳು ಮಡಚಿಕೊಂಡು ಒಳಗೆ ಹೋದ.