ಎರಡು ಕಂಬಗಳ ದೂರ

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ಈ ಹಳಿಯ ಎರಡೂ ತುದಿಗಳಿಂದ ದಿನಗಟ್ಟಲೆ ಪ್ರಯಾಣ ಮಾಡಿ ಬಂದಿರುವ ಅತಿಥಿಗಳೇ, ನನ್ನ ಜೊತೆ ಮಸಿ ಮೆತ್ತಿಕೊಂಡು ದುಡಿದು ಇಂದು ಬಿಳಿ ಅಂಗಿ ತೊಟ್ಟು ಗುರುತೇ ಸಿಗದಂತೆ ಕುಳಿತಿರುವ ಹಳೆಯ ಗೆಳೆಯರೇ, ಅವರ ಮಕ್ಕಳೇ, ಮೊಮ್ಮಕ್ಕಳೇ, ಸಭಿಕರೇ,

ಮೂವತ್ತೆಂಟು ವರ್ಷ ಇಂಜಿನ್ನಿನ ಸದ್ದಿನ ಮೇಲೆ ಕೂಗಿ ಮಾತಾಡಿದವನು ನಾನು. ನನಗೆ ಮೈಕು ಕೊಟ್ಟಿದ್ದೀರಿ. ಹಿಂದಿನ ಸಾಲಿನವರಿಗೆ ಕೇಳಿಸದಿದ್ದರೆ ಕೈ ಎತ್ತಿ. ಮುಂದಿನ ಸಾಲಿನವರಿಗೆ ಕಿವಿ ನೋವಾದರೆ ಕ್ಷಮಿಸಿ.

ಐವತ್ತು ವರ್ಷ ತುಂಬಿದ ಈ ರೈಲುಮಾರ್ಗ ಕಟ್ಟಿದ ಇತಿಹಾಸವನ್ನು ಹತ್ತು ನಿಮಿಷದಲ್ಲಿ ಹೇಳಬೇಕೆಂದು ಅಧ್ಯಕ್ಷರ ಅಪ್ಪಣೆಯಾಗಿದೆ. ಕಟ್ಟಲು ಹನ್ನೊಂದು ವರ್ಷ ಹಿಡಿದಿತ್ತು. ನಾಲ್ಕು ಸಾವಿರದ ಇನ್ನೂರು ಕಿಲೋಮೀಟರ್. ಅದಕ್ಕೆ ಮುಂಚೆ ಒಂದು ಸಮುದ್ರದ ದಂಡೆಯಿಂದ ಇನ್ನೊಂದು ಸಮುದ್ರದ ದಂಡೆಗೆ ಕಾಗದ ಹಾಕಿದರೆ ಮುಟ್ಟಲು ಇಪ್ಪತ್ತಮೂರು ದಿನ ಬೇಕಿತ್ತು. ಮಗಳು ಹೆತ್ತ ಸುದ್ದಿ ತಾಯಿಗೆ ತಲುಪುವ ಹೊತ್ತಿಗೆ ಮಗು ನಗಲು ಕಲಿತಿರುತ್ತಿತ್ತು. ಇದನ್ನು ಒಂದೇ ದೇಶ ಎಂದು ಕರೆಯುತ್ತಿದ್ದೆವು. ಒಬ್ಬರ ಮುಖ ಒಬ್ಬರು ನೋಡದ ದೇಶ ಒಂದೇ ದೇಶ ಹೇಗಾದೀತು?

ಪೂರ್ವದಿಂದ ಒಂದು ತಂಡ, ಪಶ್ಚಿಮದಿಂದ ಒಂದು ತಂಡ ಹೊರಟವು. ನಾನು ಪಶ್ಚಿಮದವನು. ಹಳಿ ಮುಂದೆ ಹೋದಂತೆ ನಮ್ಮ ಮನೆಗಳೂ ಮುಂದೆ ಹೋಗುತ್ತಿದ್ದವು. ಹಳೆಯ ಸರಕಿನ ಬೋಗಿಗೆ ಎರಡು ಕಿಟಕಿ ಕೊರೆದರೆ ಅದೇ ಮನೆ. ಮದುವೆಯಾದ ಹೆಣ್ಣು ಗಂಡನ ಮನೆಗೆ ಬರುತ್ತಾಳೆ ಎನ್ನುತ್ತಾರೆ. ನನ್ನ ಹೆಂಡತಿ ಬಂದಳು. ಬಂದ ಮೂರು ವಾರಕ್ಕೆ ಗಂಡನ ಮನೆಯೇ ಹದಿನೆಂಟು ಕಿಲೋಮೀಟರ್ ಮುಂದೆ ಹೋಯಿತು. ಒಲೆಯ ಮೇಲಿಟ್ಟ ಹಾಲು ಒಂದು ಊರಲ್ಲಿ ಕಾದು ಇನ್ನೊಂದು ಊರಲ್ಲಿ ಉಕ್ಕುತ್ತಿತ್ತು ಎಂದು ಅವಳು ಇಂದಿಗೂ ಹೇಳುತ್ತಾಳೆ. ಎರಡನೇ ಸಾಲಿನಲ್ಲಿ ಕುಳಿತಿದ್ದಾಳೆ. ಸುಳ್ಳು ಹೇಳಿದರೆ ತಿದ್ದುತ್ತಾಳೆ.

ಸುರಂಗ ಕೊರೆಯುವಾಗ ನಲವತ್ತೊಂದು ಜನ ಹೋದರು. ಜ್ವರದಲ್ಲಿ ಹೋದವರ ಲೆಕ್ಕ ಬರೆದಿಟ್ಟವರಿಲ್ಲ. ಹುಲ್ಲುಗಾವಲು ದಾಟಿದೆವು, ಉಪ್ಪಿನ ಬಯಲು ದಾಟಿದೆವು, ಬೆಟ್ಟ ದಾಟಿದೆವು. ಕೊನೆಗೆ ಸಿಕ್ಕಿದ್ದು ಜೌಗು. ನೋಡಲು ಹಸಿರು ಚಾಪೆ ಹಾಸಿದಂತೆ. ಕಾಲಿಟ್ಟರೆ ಮೊಣಕಾಲು ಮಾಯ. ಅದಕ್ಕೆ ನಾವಿಟ್ಟ ಹೆಸರು 'ಹಸಿದ ಹೊಟ್ಟೆ'. ಮರದ ದಿಮ್ಮಿ ಹಾಕಿದೆವು, ನುಂಗಿತು. ಕಲ್ಲು ಹಾಕಿದೆವು, ನುಂಗಿತು. ಎರಡು ವರ್ಷ ದಿನಕ್ಕೆ ಮೂವತ್ತು ಬೋಗಿ ಮಣ್ಣು ಸುರಿದ ಮೇಲೆ ಒಂದು ಏರಿ ತಲೆ ಎತ್ತಿತು. ಒಂದು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು ಉದ್ದ. ಆಚೆ ದಡದಲ್ಲಿ ಪೂರ್ವದವರು ಹಳಿ ಜೋಡಿಸಿಕೊಂಡು ಕಾಯುತ್ತಿದ್ದರು.

ಆ ಏರಿಯನ್ನು ನೋಡಿಕೊಳ್ಳುತ್ತಿದ್ದವರು ನನ್ನ ಭಾವ, ನನ್ನ ಹೆಂಡತಿಯ ಅಣ್ಣ. ಅವರನ್ನು ಎಲ್ಲರೂ 'ಕಡ್ಡಿ' ಎನ್ನುತ್ತಿದ್ದರು. ಆಳು ತೆಳ್ಳಗಿದ್ದುದಕ್ಕಲ್ಲ, ಮಾತು ಕಡ್ಡಿ ಮುರಿದಂತೆ ಇದ್ದುದಕ್ಕೆ. ಹಾಜರಿ ಪುಸ್ತಕ ಬಿಟ್ಟರೆ ಬೇರೆ ಯಾರೂ ಅವರನ್ನು ನಿಜವಾದ ಹೆಸರಿನಿಂದ ಕರೆದದ್ದನ್ನು ನಾನು ಕೇಳಿಲ್ಲ. ಏರಿಯ ಎರಡೂ ಬದಿಗೆ ಇಪ್ಪತ್ತು ಹೆಜ್ಜೆಗೊಂದರಂತೆ ಗೂಟ ಹೊಡೆದು, ಪ್ರತಿ ಗೂಟಕ್ಕೂ ಬಣ್ಣದ ಗೆರೆ ಎಳೆದಿದ್ದರು. ಬೆಳಿಗ್ಗೆ ಎದ್ದು ಗೂಟಗಳನ್ನು ನೋಡುವುದು, ಎಷ್ಟು ಇಳಿದಿದೆ ಎಂದು ಬರೆಯುವುದು. ಅದಕ್ಕೆ ಮುಂಚಿನ ಏರಿಗಳಲ್ಲೂ ಹೀಗೆಯೇ; ನಮ್ಮ ಮದುವೆಯ ದಿನವೂ ಗೂಟ ನೋಡಿಯೇ ಬಂದು ತಂಗಿಯ ಪಕ್ಕ ನಿಂತವರು.

ಮೊದಲ ಗಾಡಿ ದಾಟುವ ದಿನ ನಿಗದಿಯಾಯಿತು. ಆಮಂತ್ರಣ ಅಚ್ಚಾಯಿತು. ಏರಿ ಭದ್ರವಾಗಿದೆ ಎಂಬ ಕಾಗದಕ್ಕೆ ಭಾವ ಸಹಿ ಹಾಕಬೇಕಿತ್ತು. ಹಾಕಲಿಲ್ಲ. ಮಧ್ಯದ ಗೂಟಗಳು ಇನ್ನೂ ಇಳಿಯುತ್ತಿವೆ, ಒಂದು ಮಳೆಗಾಲ ಕಾಯಬೇಕು ಎಂದು ಮೂರು ಸಲ ಬರೆದುಕೊಟ್ಟರು. ಮೂರನೆಯ ಸಲ ಅವರನ್ನು ಕೆಲಸದಿಂದ ತೆಗೆದರು. ಬಾವುಟ, ಅಳತೆಪಟ್ಟಿ, ಶಿಳ್ಳೆ ಎಲ್ಲ ಒಪ್ಪಿಸಿ ಬಂದು ನಮ್ಮ ಬೋಗಿಯ ಮೆಟ್ಟಿಲ ಮೇಲೆ ಕುಳಿತರು. ಸಹಿ ಇನ್ನೊಬ್ಬರು ಹಾಕಿದರು.

"ಅಣ್ಣ ಹೇಳ್ತಿರೋದು ನಿಜಾನಾ?" ಎಂದು ಹೆಂಡತಿ ಕೇಳಿದಳು.

"ನನ್ನ ಕೆಲಸ ಇಂಜಿನ್ ಓಡಿಸೋದು. ನೆಲ ನೋಡೋದು ಬೇರೆಯವರ ಕೆಲಸ" ಎಂದೆ.

ಭಾವ ಅಲ್ಲೇ ಇದ್ದರು. ಕೇಳಿಸಿಕೊಂಡರು. ಎದ್ದು ಹೋದರು. ಆಮೇಲೆ ಒಂಬತ್ತು ದಿನ ಅವರು ಎಲ್ಲಿದ್ದರೆಂದು ನಮಗೆ ಗೊತ್ತಾಗಲಿಲ್ಲ.

ನನ್ನ ಮಾತು ಒರಟಾಗಿತ್ತು ಎಂದು ನಿಮಗನ್ನಿಸಬಹುದು. ನನಗಾಗ ಮೂವತ್ತೊಂದು. ನನಗಿಂತ ಹಿರಿಯ ಚಾಲಕರು ಹನ್ನೆರಡು ಜನ ಇದ್ದರು. ಅವರನ್ನೆಲ್ಲ ಬಿಟ್ಟು ಮೊದಲ ಗಾಡಿಯನ್ನು ನನಗೆ ಕೊಟ್ಟಿದ್ದರು. ಆ ಮರ್ಯಾದೆ ತಲೆಗೇರಿತ್ತು. ಮುಚ್ಚಿಡುವುದೇಕೆ?

ಆ ದಿನ ಬೆಳಿಗ್ಗೆ ಒಂಬತ್ತೂವರೆ. ಇಂಜಿನ್ನಿಗೆ ಹೊಸ ಬಣ್ಣ, ಮೂತಿಗೆ ಹಸಿರೆಲೆಯ ತೋರಣ. ಹಿಂದೆ ಎಂಟು ಬೋಗಿ, ಮುನ್ನೂರ ಹನ್ನೆರಡು ಜನ. ಮೊದಲ ಬೋಗಿಗಳಲ್ಲಿ ಗಣ್ಯರು, ಕೊನೆಯ ಎರಡರಲ್ಲಿ ನಮ್ಮ ಮನೆಯವರು. ಏಳು ತಿಂಗಳ ಬಸುರಿಯಾದ ನನ್ನ ಹೆಂಡತಿ ಎಂಟನೆಯ ಬೋಗಿಯ ಕಿಟಕಿಯ ಪಕ್ಕ ಕುಳಿತಿದ್ದಳು. ಆಕಾಶ ತಿಳಿಯಾಗಿತ್ತು. ಕೊನೆಯ ತಿರುವು ಕಳೆದು ಹಳಿ ನೇರವಾಯಿತು. ದೂರದಲ್ಲಿ ಏರಿ ಕಂಡಿತು. ಏರಿಯ ಬಾಯಲ್ಲಿ ಹಳಿಗಳ ನಡುವೆ ಒಬ್ಬ ಮನುಷ್ಯ ಕೆಂಪು ಹೊದಿಕೆಯೊಂದನ್ನು ಎರಡೂ ಕೈಯಲ್ಲಿ ಅಗಲವಾಗಿ ಹಿಡಿದು ನಿಂತಿದ್ದ.

ಬಾವುಟ ಒಪ್ಪಿಸಿದ್ದರಲ್ಲ, ಹೊದಿಕೆ ತಂದಿದ್ದರು. ಮುಖ ಕಾಣುವ ಮೊದಲೇ ಭಾವ ಎಂದು ಗೊತ್ತಾಯಿತು.

ಸಭಿಕರೇ, ಇಂದು ಬೆಳಿಗ್ಗೆ ಕೋಟಿನ ಗುಂಡಿ ಹಾಕುತ್ತಾ ನನ್ನ ಹೆಂಡತಿ, "ಐವತ್ತು ವರ್ಷ ಆಯ್ತು. ಇವತ್ತಾದ್ರೂ ಅಣ್ಣನ ವಿಷಯ ಹೇಳ್ತೀರಾ?" ಎಂದು ಕೇಳಿದಳು. ಹೇಳುತ್ತೇನೆ ಎಂದೆ. ಅಣ್ಣ ಕೆಂಪು ತೋರಿಸಿದ, ಗಂಡ ಗಾಡಿ ನಿಲ್ಲಿಸಿದ. ಅವಳಿಗೆ ಗೊತ್ತಿರುವುದು ಇಷ್ಟು. ಅಷ್ಟನ್ನೇ ಹೇಳಿ ಕೂರಬೇಕೆಂದೇ ಎದ್ದು ನಿಂತೆ. ಆದರೆ ನಡೆದದ್ದು ಅಷ್ಟೇ ಅಲ್ಲ.

ನಾನು ಬ್ರೇಕು ಹಾಕಲಿಲ್ಲ. ಶಿಳ್ಳೆ ಹಾಕಿದೆ. ಉದ್ದಕ್ಕೆ ಹಾಕಿದೆ. ಕೆಲಸದಿಂದ ತೆಗೆದವರ ಕೆಂಪು ಬಟ್ಟೆಗೆ ನಿಲ್ಲಬೇಕೆಂದು ಯಾವ ನಿಯಮವೂ ಇಲ್ಲ ಎಂದು ಯೋಚಿಸಿದ್ದು ನನಗೆ ಇಂದಿಗೂ ಚೆನ್ನಾಗಿ ನೆನಪಿದೆ. ಪಕ್ಕಕ್ಕೆ ಸರಿಯುತ್ತಾರೆ ಎಂದುಕೊಂಡೆ. ಒಂದು ತಂತಿಕಂಬ ದಾಟಿತು. ಸರಿಯಲಿಲ್ಲ. ಇನ್ನೊಂದು ಕಂಬ ದಾಟಿತು. ಬೆಂಕಿಗೆ ಕಲ್ಲಿದ್ದಲು ಹಾಕುತ್ತಿದ್ದ ಫೈರ್‌ಮನ್ ಸಲಿಕೆ ಬಿಸಾಕಿ ನನ್ನ ತೋಳು ಹಿಡಿದು, "ಅಣ್ಣಾ, ಅವರು ನಿಮ್ಮ ಭಾವ ಕಣಣ್ಣಾ" ಎಂದ. ನನಗೆ ಗೊತ್ತಿಲ್ಲವೆಂದು ಅವನು ತಿಳಿದಿದ್ದ. ಆಗ ಬ್ರೇಕು ಹಾಕಿದೆ.

ಗಾಡಿ ನಿಂತಾಗ ಇಂಜಿನ್ನಿಗೂ ಅವರಿಗೂ ನಡುವೆ ಆರು ಹೆಜ್ಜೆ. ಹೊದಿಕೆ ಇನ್ನೂ ಹಾಗೇ ಹಿಡಿದಿದ್ದರು. ಕೆಳಗಿಳಿದೆ. ಭಯ ಮುಚ್ಚಲು ರೇಗಿದೆ.

"ಏನ್ ಭಾವ ಇದು? ಸಾಯ್ಬೇಕು ಅಂತಿದೀರಾ?"

"ನಾನಲ್ಲ, ನೀವೆಲ್ಲ. ಇವತ್ತು ಬೆಳಿಗ್ಗೆ ನಡುವಿನ ಮೂರು ಗೂಟ ಕಾಣಿಸ್ತಾನೇ ಇಲ್ಲ" ಎಂದರು.

ಅಷ್ಟರಲ್ಲಿ ದೊಡ್ಡವರು ಬಂದರು. ಇಡೀ ಪಶ್ಚಿಮ ಭಾಗದ ಮುಖ್ಯ ಇಂಜಿನಿಯರನ್ನು ನಾವು ಹಾಗೆ ಕರೆಯುತ್ತಿದ್ದೆವು. ಕೆಟ್ಟವರಲ್ಲ. ಹನ್ನೊಂದು ವರ್ಷ ನಮ್ಮಂತೆಯೇ ಬೋಗಿಯಲ್ಲಿ ಮಲಗಿದವರು. ಹೊಳೆಯುವ ಬೂಟು ಹಾಕಿಕೊಂಡು ಜಲ್ಲಿಯ ಮೇಲೆ ಜಾರುತ್ತಾ ಬಂದರು.

"ಯಾರ ಮಾತಿಗೆ ಗಾಡಿ ನಿಲ್ಲಿಸಿದ್ರಿ?"

ನಾನು ಭಾವನ ಕಡೆ ನೋಡಿದೆ.

"ಕಾಗದಕ್ಕೆ ಸಹಿ ಆಗಿದೆ. ಹೊರಡಿ."

"ಸಹಿ ಹಾಕಿದವರು ಇಳಿದು ಬಂದು ಮುಂದೆ ನಡೀಲಿ, ಸಾರ್" ಎಂದರು ಭಾವ. "ಅವರು ಎಲ್ಲಿದಾರೆ?"

ಸಹಿ ಹಾಕಿದವರು ಆ ಗಾಡಿಯಲ್ಲಿ ಇರಲಿಲ್ಲ. ಅವತ್ತು ಅವರಿಗೆ ಮೈ ಸರಿ ಇರಲಿಲ್ಲವಂತೆ.

ಬೋಗಿಗಳ ಕಿಟಕಿಯಿಂದ ತಲೆಗಳು ಹೊರಬಂದಿದ್ದವು. ಎಂಟನೆಯ ಬೋಗಿಯಲ್ಲಿ ಯಾರೋ ಕೈ ಬೀಸುತ್ತಿದ್ದರು. ಆಗ ನನಗೆ ಒಂದು ಬುದ್ಧಿ ಬಂತು. "ಬೋಗಿ ಬಿಚ್ಚಿಸಿ, ಸಾರ್. ಇಂಜಿನ್ ಒಂದನ್ನೇ ತಗೊಂಡು ಹೋಗ್ತೀನಿ. ದಾಟಿದ್ರೆ ವಾಪಸ್ ಬಂದು ಎಲ್ಲರನ್ನೂ ಕರ್ಕೊಂಡು ಹೋಗ್ತೀನಿ" ಎಂದೆ. ಫೈರ್‌ಮನ್‌ಗೆ ಇಳಿ ಎಂದೆ. ದೊಡ್ಡವರು ಟೊಪ್ಪಿ ತೆಗೆದು ಗಾರ್ಡಿನ ಕೈಗೆ ಕೊಟ್ಟು ಇಂಜಿನ್ ಹತ್ತಿ ನನ್ನ ಪಕ್ಕ ನಿಂತರು. ಆ ಮನುಷ್ಯನ ಬಗ್ಗೆ ಇನ್ನೇನು ಹೇಳಿದರೂ ಇದನ್ನು ಹೇಳದೆ ಬಿಡಬಾರದು. ಭಾವ ಹೊದಿಕೆ ಹೆಗಲಿಗೆ ಹಾಕಿಕೊಂಡು, ನಮ್ಮ ಮುಂದೆ ಹಳಿಗಳ ನಡುವೆ ನಡೆಯತೊಡಗಿದರು.

ನಡಿಗೆಯ ವೇಗ. ನೂರು ಹೆಜ್ಜೆ, ಏನೂ ಇಲ್ಲ. ಇನ್ನೂರು ಹೆಜ್ಜೆ, ಏನೂ ಇಲ್ಲ. ದೊಡ್ಡವರು ಉಸಿರು ಬಿಟ್ಟದ್ದು ಕೇಳಿಸಿತು. ನನಗೂ ಭಾವನ ಮೇಲೆ ಸಿಟ್ಟು ಮರಳುತ್ತಿತ್ತು. ನಾನೂರು ದಾಟಿದ ಮೇಲೆ ಕಿಟಕಿಯ ಚೌಕಟ್ಟಿಗೆ ತೂಗುಹಾಕಿದ್ದ ನೀರಿನ ತಂಬಿಗೆ ಮೆಲ್ಲಗೆ ಎಡಕ್ಕೆ ವಾಲಿತು. ಹಾಗೇ ನಿಂತಿತು, ನೇರವಾಗಲಿಲ್ಲ. ಕೆಳಗೆ ನೋಡಿದೆ. ಜಲ್ಲಿಕಲ್ಲುಗಳ ಸಂದಿಯಿಂದ ಕಪ್ಪು ನೀರು ಜಿನುಗುತ್ತಿತ್ತು. ಕೈ ತಾನಾಗಿ ಬ್ರೇಕಿಗೆ ಹೋಯಿತು.

"ನಿಲ್ಲಿಸ್ಬೇಡ" ಎಂದು ಭಾವ ತಿರುಗಿ ಕೂಗಿದರು. "ನಿಂತ್ರೆ ಕೂತ್ಬಿಡುತ್ತೆ. ಹಿಂದಕ್ಕೆ ತಗೋ. ಮೆಲ್ಲಗೆ. ಜರ್ಕು ಕೊಡ್ಬೇಡ."

ನಲವತ್ತು ಟನ್ನಿಗೂ ಮೀರಿದ ಕಬ್ಬಿಣವನ್ನು ಜರ್ಕಿಲ್ಲದೆ ಹಿಂದಕ್ಕೆ ತಿರುಗಿಸುವುದೆಂದರೆ, ಮಲಗಿರುವ ಕೂಸನ್ನು ತೊಡೆಯಿಂದ ತೊಟ್ಟಿಲಿಗೆ ಹಾಕಿದಂತೆ. ಉಗಿ ಒಂದೊಂದೇ ಗುಟುಕು ಬಿಟ್ಟೆ. ಚಕ್ರ ಒಮ್ಮೆ ಜಾರಿತು. ಮತ್ತೆ ಹಿಡಿಯಿತು. ದೊಡ್ಡವರ ಕೈ ನನ್ನ ಹೆಗಲ ಮೇಲಿತ್ತು. ಅದು ಯಾವಾಗ ಬಂತೋ ನನಗೆ ಗೊತ್ತಿಲ್ಲ. ಭಾವ ನಮ್ಮ ಕಡೆಗೇ ಮುಖ ಮಾಡಿ, ಹಳಿ ನೋಡುತ್ತಾ, ಕೈಸನ್ನೆ ಮಾಡುತ್ತಾ ಹಿಂದೆಯೇ ಬರುತ್ತಿದ್ದರು. ಅವರ ಬೆನ್ನ ಹಿಂದೆ ಐವತ್ತು ಹೆಜ್ಜೆಯಷ್ಟು ಏರಿ, ಹಾಲಿನಲ್ಲಿ ಅದ್ದಿದ ಬ್ರೆಡ್ಡಿನಂತೆ, ಒಂದು ಸದ್ದೂ ಇಲ್ಲದೆ ಕುಸಿದು ಕೆಳಗೆ ಹೋಯಿತು. ಹಳಿ ಮಾತ್ರ ಗಾಳಿಯಲ್ಲಿ ಜೋಲುತ್ತಾ ಉಳಿಯಿತು. ಅವರು ತಿರುಗಿಯೂ ನೋಡಲಿಲ್ಲ. "ಹೋಗು, ಹೋಗು, ಹೋಗು" ಎನ್ನುತ್ತಲೇ ಇದ್ದರು.

ಎಂಟು ಬೋಗಿ ಕಟ್ಟಿಕೊಂಡು ಓಡಿ ಹೋಗಿದ್ದರೆ ಏನಾಗುತ್ತಿತ್ತು? ನೀವೇ ಊಹಿಸಿ. ನಾನು ಐವತ್ತು ವರ್ಷ ಊಹಿಸಿದ್ದೇನೆ.

ಅದೇ ಮಧ್ಯಾಹ್ನ ದೊಡ್ಡವರು ನನ್ನನ್ನು ಕರೆದರು. "ನೆಲ ಮೆತ್ತಗಿರೋದನ್ನು ನೀವೇ ನೋಡಿ ನಿಲ್ಲಿಸಿದ್ರಿ ಅಂತ ಬರ್ಕೊಡಿ. ಮೂರು ಸಲ ಎಚ್ಚರಿಸಿದವರನ್ನು ತೆಗೆದುಹಾಕಿದ್ವಿ ಅಂತ ಹೊರಗೆ ಬಂದ್ರೆ ಈ ಮಾರ್ಗ ಇಲ್ಲಿಗೇ ನಿಂತ್ಹೋಗುತ್ತೆ. ನಿಮ್ಮ ಭಾವನನ್ನು ಮತ್ತೆ ಕೆಲಸಕ್ಕೆ ತಗೋಳೋದು ನನ್ನ ಜವಾಬ್ದಾರಿ" ಎಂದರು. ಬರೆದುಕೊಟ್ಟೆ. ಆ ಮಾತನ್ನು ಅವರು ಮನಸಾರೆ ಆಡಿದ್ದರೆಂದೇ ನಂಬುತ್ತೇನೆ. ಆದರೆ ತಿಂಗಳೊಳಗೆ ಅವರಿಗೆ ವರ್ಗವಾಯಿತು. ಹೊಸಬರಿಗೆ ಭಾವ ಯಾರೆಂದೇ ಗೊತ್ತಿರಲಿಲ್ಲ. ನಾನೂ ಹೋಗಿ ಹೇಳಲಿಲ್ಲ, ಏಕೆಂದರೆ ಹೇಳಬೇಕಾದರೆ ನಾನು ಬರೆದುಕೊಟ್ಟದ್ದು ಸುಳ್ಳೆಂದು ಹೇಳಬೇಕಿತ್ತು.

ಏರಿಯನ್ನು ಕೈಬಿಟ್ಟು, ಒಂಬತ್ತು ಕಿಲೋಮೀಟರ್ ಸುತ್ತಿ ಗಟ್ಟಿ ನೆಲದ ಮೇಲೆ ಹಳಿ ಹಾಕಿದರು. ನಾಲ್ಕು ತಿಂಗಳ ಮೇಲೆ ಮೊದಲ ಗಾಡಿ ದಾಟಿತು. ಓಡಿಸಿದವನು ನಾನೇ. ಪದಕ ಬಂತು, ಬಡ್ತಿ ಬಂತು. ಭಾವ ಪೇಟೆಯಲ್ಲಿ ಮರದ ಡಿಪೋ ಒಂದರಲ್ಲಿ ಹಲಗೆ ಅಳೆಯುವ ಕೆಲಸಕ್ಕೆ ಸೇರಿದರು. ಹಬೆಗಾಡಿಯ ಶಿಳ್ಳೆ ಕೇಳದ ಬೀದಿಯಲ್ಲಿ ಮನೆ ಮಾಡಿದರು.

ಅವರು ತೀರಿಕೊಳ್ಳುವ ಹಿಂದಿನ ವರ್ಷ ಒಂದು ಮಧ್ಯಾಹ್ನ ಡಿಪೋಗೆ ಹೋದೆ. ಹಲಗೆಗಳ ರಾಶಿಯ ಮೇಲೆ ಅಕ್ಕಪಕ್ಕ ಕುಳಿತೆವು. ಅಷ್ಟು ವರ್ಷ ಕೇಳಲಾಗದ್ದನ್ನು ಕೇಳಿದೆ.

"ಭಾವ, ನನ್ನ ಮೇಲೆ ನಿಮಗೆ ಕೋಪ ಇಲ್ವಾ? ಪದಕ ನಾನು ತಗೊಂಡೆ."

"ಪದಕ ತಗೊಂಡಿದ್ದಕ್ಕೆ ಏನಿಲ್ಲ" ಎಂದರು. ಹಲಗೆಯಿಂದ ಒಂದು ಸಿಬಿರು ಕಿತ್ತರು. "ನೀನು ಎರಡು ಕಂಬ ಬಂದೆ. ನಾನು ಎಣಿಸ್ತಿದ್ದೆ."

"ನಿಮ್ಮ ತಂಗಿಗೆ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

"ಅವಳು ನಿನ್ನ ಜೊತೆ ಬಾಳ್ಬೇಕಿತ್ತಲ್ಲಪ್ಪಾ" ಎಂದರು.

ಅಷ್ಟೇ. ಇನ್ನೊಮ್ಮೆ ಆ ವಿಷಯ ನಮ್ಮ ನಡುವೆ ಬರಲಿಲ್ಲ. ಅವರು ಹೋಗಿ ಹತ್ತೊಂಬತ್ತು ವರ್ಷವಾಯಿತು. ಅವರಿದ್ದಾಗ ಹೇಳುವ ಧೈರ್ಯ ಬರಲಿಲ್ಲ, ಹೋದ ಮೇಲೆ ಹೇಳುವ ಅಗತ್ಯವಿಲ್ಲ ಎಂದುಕೊಂಡೆ. ಎಂಬತ್ತೊಂದು ವರ್ಷದ ಮುದುಕ, ಇಂದು ನೂರಾರು ಜನರ ಮುಂದೆ ಹೇಳುತ್ತಿದ್ದೇನೆ, ಏಕೆಂದರೆ ಮನೆಯಲ್ಲಿ ಒಬ್ಬಳ ಮುಂದೆ ಹೇಳುವುದು ನನ್ನಿಂದ ಆಗಲಿಲ್ಲ.

ನನ್ನ ಹೆಂಡತಿ ಎದ್ದು ನಿಂತಿದ್ದಾಳೆ.

ದಯವಿಟ್ಟು ಎರಡನೇ ಸಾಲಿನವರು ಕಾಲು ಒಳಗೆ ತೆಗೆದುಕೊಳ್ಳಿ, ಅವಳಿಗೆ ದಾರಿ ಬಿಡಿ. ಬೇಡ, ತಡೆಯಬೇಡಿ. ಹೋಗಲಿ. ಆ ಕಡೆಯ ಬಾಗಿಲಲ್ಲಿ ಮೂರು ಮೆಟ್ಟಿಲಿವೆ, ಅಲ್ಲಿ ನಿಂತಿರುವವರು ಯಾರಾದರೂ ಅವಳ ಕೈ ಹಿಡಿಯಿರಿ. ಅವಳಿಗೆ ಮಂಡಿ ನೋವು. ಬಲಗಡೆಯದು ಹೆಚ್ಚು.

ಇಲ್ಲಿಯತನಕ ಸಹನೆಯಿಂದ ಕೇಳಿದ ನಿಮಗೆಲ್ಲ ಋಣಿ. ಹತ್ತು ನಿಮಿಷ ಮೀರಿತು, ಅಧ್ಯಕ್ಷರು ಮನ್ನಿಸಬೇಕು. ನಾನು ಹೊರಡಬೇಕು, ಅವಳು ಬಾಗಿಲು ದಾಟಿದಳು. ನಮಸ್ಕಾರ.